ನೀರು, ಸೊಳ್ಳೆ ಮತ್ತು ಜನಪದ ತಿಳಿವಳಿಕೆ: ಮಲೇರಿಯಾ ನಿಯಂತ್ರಣದ ಪರಿಸರ ಮಾರ್ಗಗಳು

ಜನಪದ ಸಮುದಾಯಗಳು ರೋಗವನ್ನು ದೇಹಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸಿದವುಗಳಲ್ಲ. ನೆಲ, ನೀರು, ಗಾಳಿ, ಋತುಮಾನ, ಕಸುಬು, ದೈವ ಇವೆಲ್ಲವುಗಳ ಜೊತೆಗಿಟ್ಟು ರೋಗವನ್ನು ಗ್ರಹಿಸುವುದು ಜನಪದ ವೈದ್ಯದ ಮುಖ್ಯ ಲಕ್ಷಣಗಳಲ್ಲಿ ಒಂದು. ಮಲೇರಿಯಾದ ವಿಷಯದಲ್ಲಿ ಆಧುನಿಕ ವೈದ್ಯವಿಜ್ಞಾನವೂ ಬಹಳ ದೂರ ಸುತ್ತಿ, ನೆಲ ನೀರುಗಳನ್ನು ಬಿಟ್ಟು ಈ ರೋಗವನ್ನು ಹತೋಟಿಗೆ ತರಲಾಗದೆಂಬ ನಿಲುವಿಗೆ ಬಂದಿದೆ. ರೋಗವನ್ನು ಹರಡುವ ಸೊಳ್ಳೆ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯ ನೀರನ್ನು ನೆಚ್ಚಿಕೊಂಡಿದೆ. ಆ ನೀರು ಯಾವುದು, ಅದನ್ನು ಯಾರು ಯಾವಾಗ ಹೇಗೆ ಬಳಸುತ್ತಾರೆ ಎಂಬುದನ್ನು ಅರಿಯದೆ ರೂಪಿಸಿದ ಯೋಜನೆಗಳು ಅರ್ಧದಾರಿಯಲ್ಲಿ ನಿಂತಿವೆ. ಈ ಮಾತನ್ನು ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ನೀರು ಒಗ್ಗದ’ ಸೀಮೆ

ಬಯಲುಸೀಮೆಯ ಹಳ್ಳಿಗಳಲ್ಲಿ ಮಲೆನಾಡಿಗೆ ಹೆಣ್ಣು ಕೊಡಲು, ಕೂಲಿಗೆ ಹೋಗಲು ಹಿಂದೆಮುಂದೆ ನೋಡುತ್ತಿದ್ದ ಕಾಲವೊಂದಿತ್ತು. ‘ಆ ಸೀಮೆಯ ನೀರು ನಮಗೆ ಒಗ್ಗುವುದಿಲ್ಲ’ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಚಳಿಜ್ವರ, ಮಲೆಜ್ವರ, ನಡುಕದ ಜ್ವರ ಎಂಬ ಹೆಸರುಗಳಲ್ಲಿ ರೋಗದ ಲಕ್ಷಣವೂ ಅದು ಹುಟ್ಟುವ ನೆಲೆಯೂ ಸೂಚಿತವಾಗಿವೆ. ದಿನ ಬಿಟ್ಟು ದಿನ ಬರುವ ಜ್ವರವನ್ನೂ ಎರಡು ದಿನ ಬಿಟ್ಟು ಬರುವ ಜ್ವರವನ್ನೂ ಜನ ಬೇರೆ ಬೇರೆಯಾಗಿ ಗುರುತಿಸುತ್ತಿದ್ದರು. ಆಯುರ್ವೇದವು ವಿಷಮಜ್ವರದಲ್ಲಿ ತೃತೀಯಕ, ಚತುರ್ಥಕ ಎಂಬ ಭೇದಗಳನ್ನು ಹೇಳುತ್ತದೆ. ಪ್ಲಾಸ್ಮೋಡಿಯಂ ಎಂಬ ಪರೋಪಜೀವಿಯ ವೈವಾಕ್ಸ್ ಜಾತಿಯಿಂದ 48 ಗಂಟೆಗೊಮ್ಮೆ, ಮಲೇರಿಯೇ ಜಾತಿಯಿಂದ 72 ಗಂಟೆಗೊಮ್ಮೆ ಜ್ವರ ಮರುಕಳಿಸುತ್ತದೆ ಎಂಬ ಆಧುನಿಕ ವಿವರಣೆಗೂ ಈ ವಿಂಗಡಣೆಗೂ ಹೊಂದಿಕೆಯಿದೆ.

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಪದೇಪದೇ ಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾಗಿ ಕೈಗೆ ಸಿಗುವ ಊತವನ್ನು ಜನ ‘ಜ್ವರಗಡ್ಡೆ’ ಎಂದು ಕರೆದರು. ಇದು ಹಿಗ್ಗಿದ ಗುಲ್ಮ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ವೈದ್ಯಾಧಿಕಾರಿಗಳು ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂಬುದನ್ನು ಅಳೆಯಲು ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ಗುಲ್ಮ ಹಿಗ್ಗಿದ ಮಕ್ಕಳ ಪ್ರಮಾಣವನ್ನು ಲೆಕ್ಕಹಾಕುತ್ತಿದ್ದರು. ಅವರು ಅಳತೆಗೋಲಾಗಿ ಹಿಡಿದ ಲಕ್ಷಣ ಹಳ್ಳಿಯ ತಾಯಂದಿರಿಗೆ ಮೊದಲೇ ತಿಳಿದಿತ್ತು.

ರೋಗಕ್ಕೆ ನೆಲಬೇವು, ಅಮೃತಬಳ್ಳಿ ಮೊದಲಾದವುಗಳ ಕಷಾಯ, ಮಂತ್ರಿಸಿದ ದಾರ, ಹರಕೆ ಎಲ್ಲವೂ ಬಳಕೆಯಲ್ಲಿದ್ದವು. ಸಂಜೆಯ ಹೊತ್ತು ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು ಅಥವಾ ಲಕ್ಕಿ ಸೊಪ್ಪಿನ ಹೊಗೆ ಹಾಕುವ ರೂಢಿ ದನಗಳಿಗೆ ಸೊಳ್ಳೆಕಾಟ ತಪ್ಪಿಸಲು ಬೆಳೆದುಬಂದದ್ದು. ಆದರೆ ಜ್ವರಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ಈ ರೂಢಿ ಗುರುತಿಸಿರಲಿಲ್ಲ. ರೋಗದ ಬಲ ಮೀರಿದಾಗ ಉಳಿದಿದ್ದ ದಾರಿ ಊರು ಬಿಡುವುದೊಂದೇ. ಕಂದಾಯ ದಾಖಲೆಗಳಲ್ಲಿ ‘ಬೇಚಿರಾಕ್’ ಅಂದರೆ ದೀಪವಿಲ್ಲದ ಗ್ರಾಮಗಳೆಂದು ನಮೂದಾಗಿರುವ ಊರುಗಳು ಪಾಳುಬೀಳಲು ಕ್ಷಾಮ, ಪ್ಲೇಗುಗಳ ಜೊತೆಗೆ ಜ್ವರವೂ ಒಂದು ಕಾರಣವೆಂದು ಸುತ್ತಲಿನ ಹಳ್ಳಿಗಳ ಐತಿಹ್ಯಗಳು ಹೇಳುತ್ತವೆ.

ಯುರೋಪಿನ ಜನ ಈ ರೋಗಕ್ಕೆ ಕಾರಣ ಕೆಟ್ಟ ಗಾಳಿಯೆಂದು ತಿಳಿದಿದ್ದರು. ಮಲೇರಿಯಾ ಎಂಬ ಇಟಾಲಿಯನ್ ಮೂಲದ ಪದದ ಅರ್ಥವೂ ಅದೇ. ಕನ್ನಡ ಜನಪದರು ಕಾರಣವನ್ನು ನೀರಿನಲ್ಲಿ ಹುಡುಕಿದರು. ನೀರನ್ನು ಕುಡಿಯುವುದರಿಂದ ಮಲೇರಿಯಾ ಬರುವುದಿಲ್ಲವೆಂಬುದು ನಿಜ. ಆದರೂ ರೋಗದ ಬೇರು ಆ ಸೀಮೆಯ ನೀರಿನಲ್ಲಿದೆ ಎಂಬ ಊಹೆ ಸತ್ಯಕ್ಕೆ ತೀರ ಹತ್ತಿರವಾಗಿತ್ತು.

ಒಂದೊಂದು ಸೊಳ್ಳೆಗೆ ಒಂದೊಂದು ನೀರು

ನೀರಿಗೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಮೊದಲು ಗಮನಿಸಿದ್ದು ಬೆಂಗಳೂರಿನಲ್ಲಿ ಎಂಬುದು ಇಲ್ಲಿ ಸ್ಮರಣೀಯ. 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ವೈದ್ಯನಾಗಿದ್ದ ಆತ, ಸೊಳ್ಳೆಗಳಿಗೆ ನೀರು ಸಿಗದಂತೆ ಮಾಡಿದರೆ ಅವುಗಳ ಕಾಟ ಕಡಿಮೆಯಾಗುತ್ತದೆಂಬುದನ್ನು ಕಂಡುಕೊಂಡನು. ಸೊಳ್ಳೆಯ ದೇಹದಲ್ಲಿ ಮಲೇರಿಯಾದ ಪರೋಪಜೀವಿ ಬೆಳೆಯುವುದನ್ನು ಆತ ಸಿಕಂದರಾಬಾದಿನಲ್ಲಿ ಗುರುತಿಸಿದ್ದು ಅನಂತರ, 1897ರ ಆಗಸ್ಟ್ 20ರಂದು. ಹೀಗೆ ಸೊಳ್ಳೆ ರೋಗವಾಹಕವೆಂದು ಸಿದ್ಧಪಡುವ ಮೊದಲೇ ಅದನ್ನು ತಡೆಯುವ ಸರಳ ಉಪಾಯ ಹೊಳೆದಿತ್ತು.

ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಕುಲದ ಹೆಣ್ಣುಸೊಳ್ಳೆ. ಅದು ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿ ಅಲ್ಲಿಯೇ ಉಸಿರಾಡುತ್ತ, ಅಲ್ಲಿಯೇ ಆಹಾರ ತಿನ್ನುತ್ತ ಬೆಳೆಯುತ್ತದೆ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 12 ದಿನಗಳು ಸಾಕು. ರೋಗಿಯ ರಕ್ತ ಹೀರಿದ ಸೊಳ್ಳೆ ಕೂಡಲೇ ರೋಗ ಹರಡಲಾರದು. ಪರೋಪಜೀವಿ ಅದರ ದೇಹದಲ್ಲಿ ಬೆಳೆದು ಜೊಲ್ಲುಗ್ರಂಥಿಗೆ ಬರಲು ಸಾಮಾನ್ಯವಾಗಿ 10ರಿಂದ 14 ದಿನಗಳು ಬೇಕು. ಅಷ್ಟು ದಿನ ಬದುಕಿದ ಸೊಳ್ಳೆ ಮಾತ್ರ ಅಪಾಯಕಾರಿ.

ನಿಯಂತ್ರಣದ ಎರಡು ಮುಖ್ಯ ಮಾರ್ಗಗಳು ಹುಟ್ಟಿರುವುದು ಈ ಲೆಕ್ಕಾಚಾರದಿಂದಲೇ. ಮನೆಯ ಗೋಡೆಗೆ ಕೀಟನಾಶಕ ಹಚ್ಚಿ, ರಕ್ತ ಹೀರಿ ಅಲ್ಲಿ ಕುಳಿತ ಸೊಳ್ಳೆಯನ್ನು ಆ ಹತ್ತು ಹನ್ನೆರಡು ದಿನ ಬದುಕಗೊಡದಿರುವುದು ಮೊದಲನೆಯದು. ಅದು ಹಾರಿಹೋಗುವ ಮೊದಲೇ, ನೀರಿನಲ್ಲಿ ಸೆರೆಯಾಗಿರುವ ಮರಿಹುಳುವಿನ ಹಂತದಲ್ಲಿಯೇ ನಾಶಮಾಡುವುದು ಎರಡನೆಯದು. ಎರಡನೆಯ ಮಾರ್ಗಕ್ಕೆ ಸ್ಥಳೀಯ ತಿಳಿವಳಿಕೆ ಹೆಚ್ಚು ಬೇಕು. ಏಕೆಂದರೆ ನೀರೆಲ್ಲವೂ ಒಂದೇ ಅಲ್ಲ.

ಮಲೆನಾಡಿನ ಮುಖ್ಯ ರೋಗವಾಹಕವಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಬೇಕಾದುದು ಮೆಲ್ಲನೆ ಹರಿಯುವ ತಿಳಿನೀರು: ಗುಡ್ಡದ ಬುಡದ ಒರತೆ, ಹುಲ್ಲಿನಂಚಿನ ಸಣ್ಣ ಹಳ್ಳ, ಗದ್ದೆಯ ಮಗ್ಗುಲ ಕಾಲುವೆ. ಬಯಲುಸೀಮೆಯ ಅನಾಫಿಲಿಸ್ ಕ್ಯೂಲಿಸಿಫೇಸೀಸ್ ಬಾವಿ, ಕುಂಟೆ, ಮಳೆನೀರಿನ ಹೊಂಡ, ನೀರಾವರಿ ಕಾಲುವೆ, ಹಳ್ಳ ಬತ್ತಿದಾಗ ಉಳಿಯುವ ಮಡುಗಳಲ್ಲಿ ಬೆಳೆಯುತ್ತದೆ. ಅದಕ್ಕೆ ದನದ ರಕ್ತವೇ ಹೆಚ್ಚು ಪ್ರಿಯ. ಹಗಲಲ್ಲಿ ಅದು ಕೊಟ್ಟಿಗೆಯಲ್ಲಿ ತಂಗುತ್ತದೆ. ಪಟ್ಟಣಗಳ ಅನಾಫಿಲಿಸ್ ಸ್ಟೀಫನ್ಸೈ ಮನೆಯ ಮೇಲಿನ ನೀರಿನ ತೊಟ್ಟಿ, ಬಾವಿ, ಕಟ್ಟಡ ಕೆಲಸಕ್ಕೆಂದು ನಿಲ್ಲಿಸಿದ ನೀರನ್ನು ಆಶ್ರಯಿಸುತ್ತದೆ. ಈ ಮೂರೂ ಸಾಮಾನ್ಯವಾಗಿ ಚರಂಡಿಯ ಕೊಳಕು ನೀರಿನ ಸೊಳ್ಳೆಗಳಲ್ಲ. ಒರತೆ, ಮಡು, ಕುಂಟೆ, ಕಟ್ಟೆ, ತೋಡು ಎಂದು ನೀರಿನ ನೆಲೆಗಳನ್ನು ಬಿಡಿಬಿಡಿಯಾಗಿ ಹೆಸರಿಸುವ ಜನಪದ ಶಬ್ದಸಂಪತ್ತು ಕೀಟವಿಜ್ಞಾನಿಯ ಕ್ಷೇತ್ರನಕ್ಷೆಗೆ ಎಷ್ಟು ಉಪಯುಕ್ತವಾಗಬಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗೋಡೆಯ ಮೇಲಿನ ಔಷಧಿ

ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಮಲೇರಿಯಾ ಸಮೀಕ್ಷೆಯನ್ನು ಕೈಗೊಂಡಿತು. ಆಗಿನ ಕ್ರಮಗಳೆಲ್ಲ ಬಹುಮಟ್ಟಿಗೆ ನೀರಿಗೆ ಸಂಬಂಧಿಸಿದವು: ಹೊಂಡ ಮುಚ್ಚುವುದು, ಕಾಲುವೆಯ ಅಂಚು ಸವರುವುದು, ನಿಂತ ನೀರಿಗೆ ಎಣ್ಣೆ ಹಾಕುವುದು, ಮೀನು ಬಿಡುವುದು. ಅಮೆರಿಕ ಮೂಲದ ಗ್ಯಾಂಬೂಸಿಯಾ ಮೀನು ಇಟಲಿಯ ಮೂಲಕ ಭಾರತಕ್ಕೆ ಬಂದದ್ದು 1928ರಲ್ಲಿ.

ಡಿ.ಡಿ.ಟಿ. ಬಂದೊಡನೆ ಈ ನಿಧಾನದ ಕೆಲಸಗಳು ಹಿಂದೆ ಸರಿದವು. 1946ರಲ್ಲಿ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಹಳ್ಳಿಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮಲೆನಾಡಿನ ಸೆರಗಿನ ಈ ಪ್ರದೇಶದಲ್ಲಿ ದೊರೆತ ಯಶಸ್ಸು ದೇಶದ ಗಮನ ಸೆಳೆಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ರೋಗಕ್ಕೆ ತುತ್ತಾಗಿ ಸುಮಾರು 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1965ರ ಹೊತ್ತಿಗೆ ದಾಖಲಾದ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಮಲೆನಾಡಿನ ಬದುಕನ್ನು ಈ ಬದಲಾವಣೆ ಎಷ್ಟು ಹಗುರಗೊಳಿಸಿತೆಂಬುದನ್ನು ಕಡೆಗಣಿಸಿ ಡಿ.ಡಿ.ಟಿ.ಯನ್ನು ಹಳಿಯುವುದು ನ್ಯಾಯವಲ್ಲ.

ಆದರೆ 1976ರಲ್ಲಿ ಪ್ರಕರಣಗಳು ಮತ್ತೆ ಸುಮಾರು 64 ಲಕ್ಷಕ್ಕೆ ಏರಿದವು. ಸೊಳ್ಳೆಗಳು ಕೀಟನಾಶಕಕ್ಕೆ ಜಗ್ಗದಾದದ್ದು, ಸರಬರಾಜಿನ ಕೊರತೆ, ಕಣ್ಗಾವಲಿನ ಸಡಿಲಿಕೆ ಮೊದಲಾದ ಕಾರಣಗಳನ್ನು ತಜ್ಞರು ಪಟ್ಟಿಮಾಡಿದ್ದಾರೆ. ಜನಪದ ಅಧ್ಯಯನಕಾರನಿಗೆ ಮುಖ್ಯವಾಗುವ ಕಾರಣ ಇನ್ನೊಂದಿದೆ. ಔಷಧಿ ಪರಿಣಾಮಕಾರಿಯಾಗಬೇಕಾದರೆ ಅದು ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯಬೇಕು. ನಮ್ಮ ಹಳ್ಳಿಯ ಗೋಡೆಯಾದರೋ ಹಬ್ಬಕ್ಕೆ ಸುಣ್ಣ ಕಾಣುವ, ಮಣ್ಣು ಸಗಣಿಗಳಿಂದ ಸಾರಿಸಿಕೊಳ್ಳುವ ಗೋಡೆ. ಸಿಂಪಡಣೆಯವರು ಬಂದುಹೋದ ಬಿಳಿಯ ಕಲೆಗಳನ್ನು ಮುಚ್ಚುವುದು ಗೃಹಿಣಿಗೆ ಶುಚಿತ್ವದ ಕೆಲಸ. ಅಡುಗೆಮನೆಗೂ ದೇವರ ಕೋಣೆಗೂ ಹೊರಗಿನವರನ್ನು ಬಿಡದಿರುವುದು ಅವಳಿಗೆ ಮಡಿಯ ವಿಷಯ. ತಿಗಣೆಗಳು ಮೊದಲಿಗೆ ಸತ್ತಾಗ ಮೆಚ್ಚಿದ ಜನ, ಅವು ಸಾಯದಾದಾಗ ಔಷಧಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು. ಜನ ಸಹಕರಿಸಲಿಲ್ಲವೆಂದು ಬರೆದಿಡುವ ಮೊದಲು ಅವರ ಗೋಡೆಗೆ ಒಂದು ಪಂಚಾಂಗವಿದೆ ಎಂಬುದನ್ನು ಗಮನಿಸಿದ್ದರೆ ಸಿಂಪಡಣೆಯ ದಿನಗಳನ್ನು ಹಬ್ಬದ ಸುಣ್ಣದ ಅನಂತರಕ್ಕೆ ಗೊತ್ತುಪಡಿಸಬಹುದಿತ್ತು.

ರೇಷ್ಮೆಯ ಮನೆ, ಬಾವಿಯ ಮೀನು

ಕೀಟನಾಶಕದ ಮಿತಿ ಅತ್ಯಂತ ತೀಕ್ಷ್ಣವಾಗಿ ಗೋಚರಿಸಿದ್ದು ಹಳೆಯ ಮೈಸೂರಿನ ರೇಷ್ಮೆ ಸೀಮೆಯಲ್ಲಿ. ಇಲ್ಲಿನ ಸಣ್ಣ ರೈತನಿಗೆ ವಾಸದ ಮನೆಯೇ ಹುಳು ಸಾಕುವ ಮನೆ. ಚಂದ್ರಿಕೆಗಳನ್ನು ಒರಗಿಸುವುದು ಅದೇ ಗೋಡೆಗೆ. ಹುಳುಮನೆಗೆ ಹೊರಗಿನವರು ಬರುವುದಕ್ಕೂ ಕಟುವಾಸನೆ ತಾಗುವುದಕ್ಕೂ ಕಟ್ಟುನಿಟ್ಟಿನ ನಿಷೇಧಗಳಿವೆ. ಸೊಳ್ಳೆಯನ್ನು ಕೊಲ್ಲುವ ಔಷಧಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಒಂದು ಬೆಳೆ ಹೋದರೆ ಸಾಲ ತೀರದು, ಔಷಧಿ ಹೊಡೆಸದಿದ್ದರೆ ಮನೆಮಂದಿ ಜ್ವರದಲ್ಲಿ ನರಳಬೇಕು. ಇಂಥ ಇಕ್ಕಟ್ಟಿನಲ್ಲಿ ರೈತರು ಸಿಂಪಡಣೆಯನ್ನು ನಿರಾಕರಿಸಿದ್ದು ಅಜ್ಞಾನದಿಂದಲ್ಲ, ಬದುಕಿನ ಲೆಕ್ಕಾಚಾರದಿಂದ.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1983ರಿಂದ ವಿ.ಪಿ. ಶರ್ಮ ಅವರ ನೇತೃತ್ವದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರವು ಗುಂಡಿ ಮುಚ್ಚುವುದು, ಮೀನು ಸಾಕುವುದು ಮುಂತಾದ ಜೈವಿಕ-ಪಾರಿಸರಿಕ ಕ್ರಮಗಳನ್ನು ಗ್ರಾಮಸ್ಥರ ಸಹಭಾಗಿತ್ವದಲ್ಲಿ ಪ್ರಯೋಗಿಸಿತ್ತು. ಅದೇ ಸಂಸ್ಥೆಯ ಬೆಂಗಳೂರು ಕ್ಷೇತ್ರಕೇಂದ್ರದ ವಿಜ್ಞಾನಿಗಳು ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಸೊಳ್ಳೆಯ ನೆಲೆಗಳನ್ನು ಪರಿಶೀಲಿಸಿದರು. ಕ್ಯೂಲಿಸಿಫೇಸೀಸ್ ಎಂಬುದು ನೋಟಕ್ಕೆ ಒಂದೇ ಆಗಿದ್ದರೂ ಅದರಲ್ಲಿ ಐದು ಸೋದರ ಪ್ರಭೇದಗಳಿವೆ. ಅವುಗಳಲ್ಲಿ ‘ಎ’ ಪ್ರಭೇದ ಸಮರ್ಥ ರೋಗವಾಹಕ, ‘ಬಿ’ ಪ್ರಭೇದ ದುರ್ಬಲ. ಈ ಹಳ್ಳಿಗಳ ರೋಗವಾಹಕ ಪ್ರಭೇದ ಬಾವಿಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡಿತ್ತು. ಊರಿನ ನೀರನ್ನೆಲ್ಲ ಬೆನ್ನಟ್ಟುವ ಅಗತ್ಯವಿಲ್ಲ, ಬಾವಿಗಳನ್ನು ನೋಡಿಕೊಂಡರೆ ಬಹುಪಾಲು ಕೆಲಸ ಆಗುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ಬಾವಿ ಕುಂಟೆಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಡಲಾಯಿತು. ನೀರಿನ ಮೇಲ್ಮೈಯಲ್ಲಿ ಆಡುವ ಈ ಸಣ್ಣ ಮೀನುಗಳಿಗೆ ಅಲ್ಲಿಯೇ ಮಲಗಿರುವ ಮರಿಹುಳು ಸುಲಭದ ತುತ್ತು. ಸೊಳ್ಳೆಯೂ ಜ್ವರವೂ ಇಳಿಮುಖವಾದವು, ರೇಷ್ಮೆಹುಳುವಿಗೆ ಕೇಡಾಗಲಿಲ್ಲ.

ಬಾವಿಗೆ ಮೀನು ಬಿಡುವುದನ್ನು ಜನ ಒಪ್ಪಿದ್ದರ ಹಿಂದೆ ಸಾಂಸ್ಕೃತಿಕ ಅನುಕೂಲವೂ ಇದ್ದಿರಬೇಕು. ಬಾವಿ ನಮ್ಮಲ್ಲಿ ಗಂಗಮ್ಮನ ನೆಲೆ. ಬಾಣಂತಿ ಗಂಗೆಪೂಜೆ ಮಾಡಿದ ಮೇಲೆ ಮನೆಕೆಲಸಕ್ಕೆ ಮರಳುವ ಆಚರಣೆ ಹಲವೆಡೆ ಇದೆ. ಗಂಗೆಯ ಮಡಿಲಿಗೆ ವಿಷ ಹಾಕುವುದು ಕಷ್ಟದ ಮಾತು, ಜೀವ ಬಿಡುವುದು ಹಾಗಲ್ಲ. ಶೃಂಗೇರಿ, ಶಿಶಿಲ, ರಾಮನಾಥಪುರಗಳಲ್ಲಿ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡುವ ಸಂಪ್ರದಾಯವಿದೆ. ಆ ದೊಡ್ಡ ಮೀನುಗಳು ಸೊಳ್ಳೆ ನಿಯಂತ್ರಣಕ್ಕೆ ಸಂಬಂಧಿಸಿದವಲ್ಲವಾದರೂ, ನೀರಿನಲ್ಲಿ ಮೀನು ಇರುವುದು ಮಂಗಳಕರವೆಂಬ ಭಾವ ಇಂತಹ ಆಚರಣೆಗಳಲ್ಲಿ ನೆಲೆಯೂರಿದೆ.

ಆದರೂ ಮೀನನ್ನು ಸರ್ವರೋಗ ಪರಿಹಾರವೆಂದು ಬಿಂಬಿಸುವುದು ತಪ್ಪು. ಮಲೆನಾಡಿನ ಹರಿಯುವ ಒರತೆಗಳಲ್ಲಿ ಈ ಉಪಾಯ ಸಾಗದು. ಗ್ಯಾಂಬೂಸಿಯಾ ಸ್ಥಳೀಯ ಮೀನುಗಳ ಮೊಟ್ಟೆಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುವುದರಿಂದ ಅದನ್ನು ಜಗತ್ತಿನ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಸಾಲಿಗೆ ಸೇರಿಸಲಾಗಿದೆ. ಮುಚ್ಚಿದ ಬಾವಿ ತೊಟ್ಟಿಗಳಿಗೆ ಅದನ್ನು ಸೀಮಿತಗೊಳಿಸಿ, ಕೆರೆ ಹೊಳೆಗಳಿಗೆ ಬಿಡದಿರುವ ಎಚ್ಚರ ಅಗತ್ಯ. ಇನ್ನೊಂದು ತೊಡಕು ಆಡಳಿತದ್ದು. ಕುಡಿಯುವ ನೀರಿನ ಶುದ್ಧಿಗೆಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಮೀನು ಸಾಯುತ್ತದೆ. ಭೇದಿಯನ್ನು ತಡೆಯುವ ಕೈ ಮತ್ತು ಜ್ವರವನ್ನು ತಡೆಯುವ ಕೈ ಒಂದನ್ನೊಂದು ಕೇಳಿಕೊಂಡು ಕೆಲಸಮಾಡಬೇಕು.

ಕಲಾಜಾಥಾದ ಪಾಠ

ಈ ತಿಳಿವಳಿಕೆಯನ್ನು ಜನರಿಗೆ ತಲುಪಿಸಲು 2001ರ ಡಿಸೆಂಬರ್‌ನಲ್ಲಿ ರಾಜ್ಯದ ಮಲೇರಿಯಾಪೀಡಿತ ಜಿಲ್ಲೆಯೊಂದರಲ್ಲಿ ಎರಡು ವಾರಗಳ ಕಾಲ ಸಂಜೆಯ ಹೊತ್ತು ಕಲಾಜಾಥಾ ನಡೆಯಿತು. ಮೂವತ್ತು ಸ್ಥಳೀಯ ಕಲಾವಿದರು ಭಾಗವಹಿಸಿದ್ದರು. ಎರಡು ತಿಂಗಳ ಅನಂತರ ಪ್ರದರ್ಶನ ನೋಡಿದವರನ್ನೂ ನೋಡದವರನ್ನೂ ಪ್ರಶ್ನಿಸಿ ಪರಿಣಾಮವನ್ನು ಅಳೆಯಲಾಯಿತು. ಆ ಅಧ್ಯಯನ 2006ರಲ್ಲಿ ಪ್ರಕಟವಾಗಿದೆ.

ಕಲಾಜಾಥಾವನ್ನು ಪ್ರಾಚೀನ ಜನಪದ ಪ್ರಕಾರವೆಂದು ಕರೆಯುವುದುಂಟು. ಇದು ಅಷ್ಟು ಸರಿಯಲ್ಲ. ಕೋಲಾಟ, ಲಾವಣಿ, ತಮಟೆ, ಡೊಳ್ಳುಗಳ ಲಯವನ್ನೂ ಬೀದಿನಾಟಕದ ತಂತ್ರವನ್ನೂ ಕೂಡಿಸಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಜನವಿಜ್ಞಾನ, ಸಾಕ್ಷರತೆ ಹಾಗೂ ರಂಗ ಚಳವಳಿಗಳು ಕಟ್ಟಿದ ರೂಪವಿದು. ಅದರ ಬಲ ಇರುವುದು ಪರಿಚಿತ ಲಯದಲ್ಲಿ ಅಪರಿಚಿತ ವಿಷಯವನ್ನು ಹೇಳುವುದರಲ್ಲಿ. ಇಲ್ಲಿನ ಅಪರಿಚಿತ ವಿಷಯ ಸಣ್ಣದೇನಲ್ಲ. ಸೊಳ್ಳೆ ಕೊಳಕಿನಲ್ಲಿ ಹುಟ್ಟುತ್ತದೆಂದು ಶಾಲೆಯಲ್ಲಿಯೂ ಭಿತ್ತಿಪತ್ರಗಳಲ್ಲಿಯೂ ಕಲಿತ ಜನರಿಗೆ, ಮಲೇರಿಯಾದ ಸೊಳ್ಳೆ ನೀವು ಕುಡಿಯುವ ತಿಳಿನೀರಿನಲ್ಲಿಯೇ ಇದೆ ಎಂದು ಹೇಳಬೇಕಾಗಿತ್ತು.

ಪ್ರದರ್ಶನ ನೋಡಿದವರು ಈ ಸಂಬಂಧವನ್ನು ಸುಲಭವಾಗಿ ಗುರುತಿಸಿದರು. ಮೀನಿನ ಪಾತ್ರವನ್ನು ಅರಿತು ಬಾವಿಗಳಿಗೆ ಬಿಡುವ ಕೆಲಸಕ್ಕೆ ಕೈಜೋಡಿಸಿದರು. ಆದರೆ ಊರಿನ ಸಾಮಾನ್ಯ ನೈರ್ಮಲ್ಯದಲ್ಲಿ ನಿರೀಕ್ಷಿಸಿದಷ್ಟು ಸುಧಾರಣೆ ಕಾಣಲಿಲ್ಲ. ಈ ಅಸಮ ಫಲಿತಾಂಶ ಅರ್ಥಪೂರ್ಣವಾಗಿದೆ. ನಿರ್ದಿಷ್ಟವಾದ, ಕೈಗೆಟುಕುವ, ಫಲ ಕಣ್ಣಿಗೆ ಕಾಣುವ ಒಂದು ಕೆಲಸವನ್ನು ಹೇಳಿದಾಗ ಜನ ಮಾಡಿದರು. ‘ಸ್ವಚ್ಛವಾಗಿರಿ’ ಎಂಬ ಸಾಮಾನ್ಯ ಉಪದೇಶ ಉಪದೇಶವಾಗಿಯೇ ಉಳಿಯಿತು. ಹಾಡಿಗೆ ಕಾಲುವೆ ತೋಡುವ ಶಕ್ತಿಯಿಲ್ಲ. ಚರಂಡಿಗೆ ಹಣ, ಜಾಗ, ಪಂಚಾಯಿತಿಯ ತೀರ್ಮಾನ ಬೇಕು. ಜನಪದ ಮಾಧ್ಯಮವನ್ನು ಸರ್ಕಾರಿ ಸಂದೇಶದ ವಾಹನವನ್ನಾಗಿ ಮಾತ್ರ ಬಳಸುವ ಯೋಜಕರು ಈ ಮಿತಿಯನ್ನು ಮನಗಾಣಬೇಕು.

ಬದಲಾದ ನೀರು

ಕಾಲ ಬದಲಾದಂತೆ ನೀರಿನ ನೆಲೆಗಳೂ ಬದಲಾಗಿವೆ. ಕೊಳವೆಬಾವಿಗಳ ಹಾವಳಿಯಿಂದ ಕೋಲಾರ ಸೀಮೆಯ ತೆರೆದ ಬಾವಿಗಳಲ್ಲಿ ಬಹುಪಾಲು ಬತ್ತಿವೆ. ನೀರು ಉಳಿದೂ ಬಳಕೆ ತಪ್ಪಿದ ಬಾವಿಯ ಅಪಾಯ ಬೇರೆ ಬಗೆಯದು. ಅದಕ್ಕೆ ಪೂಜೆಯಿಲ್ಲ, ವರ್ಷಕ್ಕೊಮ್ಮೆ ಇಳಿದು ಕಸ ತೆಗೆಯುವವರಿಲ್ಲ. ಕೆರೆಯ ತೂಬು ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ನೀರಗಂಟಿಯ ವೃತ್ತಿಯೂ ಕ್ಷೀಣಿಸಿದೆ. ಎಲ್ಲಿ ನೀರು ಸೋರುತ್ತದೆ, ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಊರಿನಲ್ಲಿ ಇರಲಿಲ್ಲ.

ಇತ್ತ ಮಲೇರಿಯಾ ಪಟ್ಟಣಕ್ಕೆ ಬಂದಿದೆ. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡ ನಿರ್ಮಾಣ ಹೆಚ್ಚಿದಂತೆ ಸ್ಟೀಫನ್ಸೈ ಸೊಳ್ಳೆಗೆ ಹೊಸ ನೆಲೆಗಳು ದೊರೆತು, ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ಕರಾವಳಿಯದಾಯಿತು. ಕಾಂಕ್ರೀಟಿಗೆ ಉಣಿಸಲು ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ತೊಟ್ಟಿ ಇವೇ ಇಂದಿನ ಒರತೆ ಕುಂಟೆಗಳು. ದೂರದ ರಾಜ್ಯಗಳಿಂದ ಬಂದ ಕಟ್ಟಡ ಕಾರ್ಮಿಕ ಮೊದಲು ತುತ್ತಾಗುವವನು. ರೋಗ ತಂದವನೆಂಬ ಅಪವಾದವೂ ಅವನಿಗೇ. ಅಲ್ಲಿ 2015ರಿಂದ ಪ್ರತಿ ಪ್ರಕರಣವನ್ನೂ ಕೈಗಣಕದಲ್ಲಿ ದಾಖಲಿಸಿ, ರೋಗಿಯ ಮನೆಯ ಸುತ್ತಲಿನ ನೀರನ್ನು ಕೂಡಲೇ ಪರಿಶೀಲಿಸುವ ವ್ಯವಸ್ಥೆ ರೂಪುಗೊಂಡ ಮೇಲೆ ರೋಗ ಗಣನೀಯವಾಗಿ ತಗ್ಗಿದೆ.

ಪರಿಸರದ ಮಾರ್ಗವೆಂದರೆ ಔಷಧಿಯನ್ನು ಕೈಬಿಡುವುದೆಂದು ಭಾವಿಸಬಾರದು. ಜ್ವರ ಬಂದೊಡನೆ ರಕ್ತಪರೀಕ್ಷೆ, ವೈವಾಕ್ಸ್ ಸೋಂಕಿಗೆ ಯಕೃತ್ತಿನಲ್ಲಿ ಅಡಗಿರುವ ಪರೋಪಜೀವಿಯನ್ನು ನಾಶಪಡಿಸಲು ವೈದ್ಯರ ಸಲಹೆಯಂತೆ 14 ದಿನಗಳ ಪ್ರೈಮಾಕ್ವಿನ್, ಫಾಲ್ಸಿಪೇರಂ ಸೋಂಕಿಗೆ ಆರ್ಟೆಮಿಸಿನಿನ್ ಸಂಯುಕ್ತ ಚಿಕಿತ್ಸೆ, ಮಲಗುವಾಗ ಸೊಳ್ಳೆಪರದೆ ಇವು ಅನಿವಾರ್ಯ. ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಇವುಗಳ ಜೊತೆಗೆ, ವಾರಕ್ಕೊಮ್ಮೆ ನೀರಿನ ಪಾತ್ರೆ ತೊಟ್ಟಿಗಳನ್ನು ಖಾಲಿಮಾಡಿ ಒಣಗಿಸಿದರೆ ಮರಿಹುಳು ಸೊಳ್ಳೆಯಾಗುವ ಮುನ್ನವೇ ನಾಶವಾಗುತ್ತದೆ.

2030ರೊಳಗೆ ಮಲೇರಿಯಾವನ್ನು ನಿರ್ಮೂಲನಗೊಳಿಸುವ ಗುರಿಯನ್ನು ದೇಶ 2016ರಲ್ಲಿ ಘೋಷಿಸಿದೆ. ಪ್ರಕರಣಗಳು ಕಡಿಮೆಯಾದಂತೆ ಉಳಿದ ಕೆಲವು ನೆಲೆಗಳನ್ನು ಹುಡುಕುವುದು ಕಷ್ಟವಾಗುತ್ತದೆ, ಎಚ್ಚರವೂ ಸಡಿಲಗೊಳ್ಳುತ್ತದೆ. 1965ರ ಅನಂತರದ ಅನುಭವ ಕಲಿಸಿರುವುದು ಇದನ್ನೇ. ಆ ನೆಲೆಗಳನ್ನು ತೋರಿಸಬಲ್ಲವರು ಊರಿನ ನೀರನ್ನು ದಿನವೂ ಮುಟ್ಟುವವರು: ನೀರು ಸೇದುವ ಹೆಂಗಸರು, ದನ ಮೇಯಿಸುವವರು, ಕಟ್ಟಡಕ್ಕೆ ನೀರುಣಿಸುವ ಕೂಲಿಗಳು, ಉಳಿದಿರುವ ನೀರಗಂಟಿಗಳು. ನೀರು ಒಗ್ಗದೆಂದು ಊರು ಬಿಟ್ಟ ಜನಪದರಿಗೆ ಆ ನೀರಿನ ದೋಷ ಯಾವುದೆಂದು ತಿಳಿದಿರಲಿಲ್ಲ. ಇಂದು ಅದು ತಿಳಿದಿದೆ. ತಿಳಿದವರು ಮತ್ತು ನೀರಿನ ಬಳಿ ಇರುವವರು ಒಂದೆಡೆ ಕುಳಿತು ಮಾತನಾಡುವ ಕೆಲಸ ಆಗಬೇಕಾಗಿದೆ.